ಸ್ವೇ ಬಾರ್ ಕೊಳ್ಳೋ ಮೊದಲು ಒಮ್ಮೆ ತೂಗಿಸಿ

ಅಮೆರಿಕದ ವಯೋಮಿಂಗ್‌ನ ಐ-80 ಹೆದ್ದಾರಿಯಲ್ಲಿ ಟ್ರಕ್ ಪಕ್ಕದಲ್ಲಿ ಹಾದಾಗಲೆಲ್ಲ ಎಸ್‌ಯುವಿ ಹಿಂದೆ ಎಳೆಯೋ ಟ್ರೈಲರ್ ಅತ್ತಿತ್ತ ಓಲಾಡುತ್ತೆ, ಆ ಓಲಾಟ ತಡೆಯೋ ಸ್ವೇ ಬಾರ್ ಹಾಕಿಸಿದರೆ ಸಾಕಾ ಅಂತ ಕೇಳಿದ್ದೀರಿ. ಹಾಕಿಸಿ, ಆದರೆ ಆಮೇಲೆ. ಟ್ರೈಲರ್‌ನ ಹಿಂದಿನ ಬಂಪರ್‌ಗೆ ನಾಲ್ಕು ಸೈಕಲ್ ಕಟ್ಟಿದ್ದೀವಿ ಅಂದಿದ್ದೀರಲ್ಲ, ನನಗೆ ಅನುಮಾನ ಬಂದಿದ್ದೇ ಅಲ್ಲಿ.

ಟ್ರೈಲರ್‌ನ ಒಟ್ಟು ತೂಕದಲ್ಲಿ ಶೇ. 10ರಿಂದ 15ರಷ್ಟು ಹಿಚ್ ಬಾಲ್ ಮೇಲೆ, ಅಂದರೆ ಟ್ರೈಲರ್ ಸಿಕ್ಕಿಸೋ ಗಾಡಿಯ ಹಿಂದಿನ ಗುಂಡಿನ ಮೇಲೆ ಕೂರಬೇಕು. ಇದನ್ನೇ ಟಂಗ್ ತೂಕ ಅನ್ನೋದು. ಸಾಮಾನು ತುಂಬಿದ ಮೇಲೆ 5,000 ಪೌಂಡ್ ಆದರೆ, 500ರಿಂದ 750 ಪೌಂಡ್. ಆಕ್ಸಲ್‌ನಿಂದ ಅಷ್ಟು ಹಿಂದೆ ಭಾರ ನೇತುಹಾಕಿದರೆ ತಕ್ಕಡಿಯ ಹಾಗೆ ಮುಂಭಾಗ ಹಗುರಾಗುತ್ತೆ, ಓಲಾಟ ಶುರುವಾದರೆ ನಿಲ್ಲೋದೂ ಕಷ್ಟ. ಬ್ರೋಶರ್‌ನಲ್ಲಿರೋ ಖಾಲಿ ತೂಕ ನಂಬಬೇಡಿ. ಟ್ರಕ್ ಸ್ಟಾಪ್‌ಗಳಲ್ಲಿ ಗಾಡಿ ತೂಗೋ ಕ್ಯಾಟ್ ಸ್ಕೇಲ್ ಇರುತ್ತೆ. ನೀರು, ಗ್ಯಾಸ್ ಸಿಲಿಂಡರ್, ಮಕ್ಕಳು ಎಲ್ಲ ಇದ್ದಾಗಲೇ ತೂಗಿಸಿ. ಟಂಗ್ ತೂಕ ನಿಮ್ಮ ಎಸ್‌ಯುವಿಯ ಮಿತಿ ದಾಟಿದರೆ ಆ ಟ್ರೈಲರ್ ಈ ಗಾಡಿಗೆ ದೊಡ್ಡದು, ಯಾವ ಬಾರ್ ಹಾಕಿದರೂ ಅಷ್ಟೇ.

ಅದು ಸರಿಯಿದ್ದರೆ ಸ್ವೇ ಕಂಟ್ರೋಲ್ ಇರೋ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ (ಟಂಗ್ ಭಾರವನ್ನು ಎಲ್ಲ ಆಕ್ಸಲ್‌ಗಳಿಗೂ ಹಂಚೋ ಕೊಂಡಿ) ನೋಡಿ. ಕೆಲವು ಎಸ್‌ಯುವಿಗಳಿಗೆ ಕಂಪನಿಯವರೇ ಅದು ಬೇಡ ಅಂತಾರೆ, ಮ್ಯಾನ್ಯುಯಲ್ ಓದಿಕೊಳ್ಳಿ. ಟೈರ್ ತಣ್ಣಗಿರುವಾಗಲೇ ಗಾಳಿ ಪರೀಕ್ಷಿಸಿ. ವೇಗ ಗಂಟೆಗೆ 60 ಮೈಲಿ ಸಾಕು, ಗಾಳಿ ಜೋರಿದ್ದರೆ ಇನ್ನೂ ಕಡಿಮೆ.

ಓಲಾಡತೊಡಗಿದಾಗ ಕಾರಿನ ಬ್ರೇಕ್ ಜೋರಾಗಿ ಒತ್ತಬೇಡಿ, ವೇಗ ಹೆಚ್ಚಿಸಲೂ ಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು, ಟ್ರೈಲರ್ ಬ್ರೇಕ್ ನಡೆಸೋ, ಡ್ರೈವರ್ ಹತ್ತಿರವಿರೋ ಬ್ರೇಕ್ ಕಂಟ್ರೋಲರ್‌ನ ಲಿವರನ್ನು ಕೈಯಿಂದ ಮೆಲ್ಲಗೆ ಒತ್ತಿ. ಟ್ರೈಲರ್ ಮಾತ್ರ ಬ್ರೇಕ್ ಹಿಡಿದು ನೇರವಾಗುತ್ತೆ. ಮನೆಯವರೂ ಓಡಿಸೋದಾದರೆ, ಆ ಲಿವರ್ ನೋಡದೆಯೇ ಕೈಗೆ ಸಿಗೋವರೆಗೂ ಖಾಲಿ ಪಾರ್ಕಿಂಗ್ ಲಾಟ್‌ನಲ್ಲಿ ಅಭ್ಯಾಸ ಮಾಡಿಸಿ.