ನೀರು ಬೆರೆಸಿದರೆ ಪ್ರಬಲ ಆಮ್ಲ ದುರ್ಬಲವಾಗದು

ನಮಸ್ಕಾರ.

ಆಮ್ಲ, ಪ್ರತ್ಯಾಮ್ಲಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆವು. ಭಾಷೆ ತಿಳಿಯಾಗಿದೆ, ಪ್ರಯೋಗ ಮಾಡಿ ನೋಡಿ ಬರೆದಿದ್ದೀರಿ. ಆದರೂ ಈಗಿರುವಂತೆ ಪ್ರಕಟಿಸಲಾರೆವು. “ಪ್ರಬಲ ಆಮ್ಲಕ್ಕೆ ಸಾಕಷ್ಟು ನೀರು ಬೆರೆಸಿದರೆ ಅದು ದುರ್ಬಲ ಆಮ್ಲವಾಗುತ್ತದೆ” ಎಂಬ ಎರಡನೆಯ ಪ್ಯಾರಾದ ವಾಕ್ಯ ಇಡೀ ಬರಹವನ್ನು ದಾರಿ ತಪ್ಪಿಸಿದೆ.

ಸ್ಟ್ರಾಂಗ್ ಅಂದ ಕೂಡಲೇ ನಮ್ಮ ಕಿವಿಗೆ ಗಾಢ ಎಂದೇ ಕೇಳಿಸುತ್ತದೆ. ತಪ್ಪಿನ ಬೇರು ಅಲ್ಲಿದೆ. ಒಂದು ಲೀಟರ್ ದ್ರಾವಣದಲ್ಲಿ ಆಮ್ಲ ಎಷ್ಟಿದೆ ಎಂಬುದು ಸಾರತೆ. ಅದನ್ನು ನೀರು ಹಾಕಿ ತಗ್ಗಿಸಬಹುದು. ನೀರಿಗೆ ಪ್ರೋಟಾನ್ ಬಿಟ್ಟುಕೊಡುವ ಒಲವು ಪ್ರಾಬಲ್ಯ. ಅದು ಆ ವಸ್ತುವಿನದೇ ಗುಣ, ನೀರು ಅದನ್ನು ಬದಲಿಸದು.

ಇದನ್ನು ಅಂಕಿಗಳಲ್ಲೇ ತೋರಿಸಿ. 0.1 ಮೋಲಾರ್ (ಸಾರತೆಯ ಅಳತೆ) ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹೆಚ್ಚುಕಡಿಮೆ ಎಲ್ಲ ಅಣುಗಳೂ ಒಡೆದು ಅಯಾನುಗಳಾಗಿರುತ್ತವೆ, ಅಂದರೆ ವಿದ್ಯುದಾವೇಶವಿರುವ ಕಣಗಳಾಗಿರುತ್ತವೆ, ಪಿಎಚ್ (ಆಮ್ಲೀಯತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲೀಯತೆ ಹೆಚ್ಚು) ಸುಮಾರು 1. ಅಷ್ಟೇ ಸಾರತೆಯ ಅಸಿಟಿಕ್ ಆಮ್ಲದಲ್ಲಿ ಸಾವಿರಕ್ಕೆ ಸುಮಾರು 13 ಅಣುಗಳು ಮಾತ್ರ ಒಡೆದಿರುತ್ತವೆ, ಪಿಎಚ್ ಸುಮಾರು 2.9. ಎರಡನ್ನೂ ನೂರು ಪಟ್ಟು ತೆಳುವಾಗಿಸಿ. ಮೊದಲನೆಯದರ ಪಿಎಚ್ 3ಕ್ಕೆ ಏರುತ್ತದೆ, ಅಣುಗಳು ಮಾತ್ರ ಆಗಲೂ ಪೂರ್ತಿ ಒಡೆದೇ ಇರುತ್ತವೆ. ಅಸಿಟಿಕ್‌ನಲ್ಲಿ ಒಡೆದವುಗಳ ಪಾಲು ಸಾವಿರಕ್ಕೆ ಸುಮಾರು 125ಕ್ಕೆ ಹೆಚ್ಚುತ್ತದೆ! ನಿಮ್ಮ ವಾಕ್ಯಕ್ಕೆ ನೇರ ಎದುರು. ಇನ್ನೊಂದನ್ನೂ ಗಮನಿಸಿ: ತೆಳು ಹೈಡ್ರೋಕ್ಲೋರಿಕ್‌ನ 3, ಮೊದಲಿನ ಅಸಿಟಿಕ್‌ನ 2.9 ಬಹುತೇಕ ಒಂದೇ. ಹಾಗಾಗಿ ಒಂದು ಪಿಎಚ್ ಅಂಕಿ ಹಿಡಿದು ಆಮ್ಲ ಪ್ರಬಲವೋ ದುರ್ಬಲವೋ ಎಂದು ತೀರ್ಮಾನಿಸುವ ನಿಮ್ಮ ನಾಲ್ಕನೆಯ ಪ್ಯಾರಾ ನಿಲ್ಲುವುದಿಲ್ಲ. ಹತ್ತು ಪಟ್ಟು ತೆಳು ಮಾಡಿ ಮತ್ತೆ ಅಳೆಯಬೇಕು. ಪಿಎಚ್ ಸುಮಾರು 1 ಏರಿದರೆ ಪ್ರಬಲ, ಅರ್ಧದಷ್ಟೇ ಏರಿದರೆ ದುರ್ಬಲ.

ಇನ್ನು ನಿಮ್ಮ ಟೈಟ್ರೇಷನ್, ಅಂದರೆ ಆಮ್ಲ ತಟಸ್ಥವಾಗಲು ಎಷ್ಟು ಪ್ರತ್ಯಾಮ್ಲ ಬೇಕೆಂದು ಹನಿಹನಿಯಾಗಿ ಹಾಕಿ ಅಳೆಯುವ ಪ್ರಯೋಗ. 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ತಟಸ್ಥಗೊಳಿಸಲು 25 ಮಿಲಿ ಹೈಡ್ರೋಕ್ಲೋರಿಕ್‌ಗೆ 25 ಮಿಲಿ ಬೇಕಾಯಿತು, ಅಷ್ಟೇ ಸಾರತೆಯ 25 ಮಿಲಿ ಅಸಿಟಿಕ್‌ಗೆ 8 ಮಿಲಿ ಸಾಕಾಯಿತು, ಅದು ದುರ್ಬಲವಲ್ಲವೇ ಎಂದಿದ್ದೀರಿ. ಅಸಿಟಿಕ್‌ಗೂ 25 ಮಿಲಿಯೇ ಬೇಕು. ಒಡೆದ 13 ಅಣುಗಳ ಪ್ರೋಟಾನ್‌ಗಳನ್ನು ಪ್ರತ್ಯಾಮ್ಲ ಕಸಿದುಕೊಂಡಂತೆ ಉಳಿದ 987 ಒಡೆಯುತ್ತ ಬರುತ್ತವೆ, ಕೊನೆಯ ಅಣು ಮುಗಿಯುವವರೆಗೆ. ನಿಮ್ಮ 8 ಮಿಲಿ ಸೂಚಕದ ತಪ್ಪು, ಅಂದರೆ ತಟಸ್ಥವಾದದ್ದನ್ನು ಬಣ್ಣ ಬದಲಿಸಿ ತಿಳಿಸಲೆಂದು ನೀವು ಹಾಕಿದ ಮೀಥೈಲ್ ಆರೆಂಜ್‌ನ ತಪ್ಪು. ಅದು ಬಣ್ಣ ಬದಲಿಸುವುದು ಪಿಎಚ್ 3.1ರಿಂದ 4.4ರ ನಡುವೆ. ಅಸಿಟಿಕ್ ದ್ರಾವಣ ಮೂರನೇ ಒಂದು ಭಾಗ ತಟಸ್ಥವಾಗುವ ಮೊದಲೇ, ಅಂದರೆ 8 ಮಿಲಿಯ ಆಸುಪಾಸಿನಲ್ಲೇ, 4.4 ದಾಟಿಬಿಡುತ್ತದೆ. ನಿಜವಾದ ಸಮಬಿಂದು, ಅಂದರೆ ಆಮ್ಲವೆಲ್ಲ ತಟಸ್ಥವಾಗುವ ಹಂತ, ಪಿಎಚ್ 8.7ರ ಹತ್ತಿರ. ಅಲ್ಲಿಗೆ ಫಿನಾಫ್ತಲೀನ್ ಎಂಬ ಸೂಚಕ ಬೇಕು. ನೀವು ಅಳೆದದ್ದನ್ನು ಮುಚ್ಚಿಡದೆ ಬರೆದದ್ದರಿಂದಲೇ ಕಾರಣ ಹುಡುಕಲು ಸಾಧ್ಯವಾಯಿತು. ಆ ಅಂಕಿಯನ್ನು ಅಳಿಸಬೇಡಿ, ಈ ವಿವರಣೆಯೊಂದಿಗೆ ಉಳಿಸಿ. ಲೇಖನದ ಜೀವ ಅಲ್ಲೇ ಇದೆ.

ಪ್ರತ್ಯಾಮ್ಲಗಳಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ದುರ್ಬಲದ ಪಟ್ಟಿಗೆ ಸೇರಿಸಿದ್ದೀರಿ. ಅದು ಕರಗುವುದು ಕಡಿಮೆ, ಲೀಟರಿಗೆ ಎರಡು ಗ್ರಾಂ ಕೂಡ ಇಲ್ಲ. ಕರಗಿದ್ದು ಬಹುಪಾಲು ಅಯಾನುಗಳಾಗುತ್ತದೆ, ಆದ್ದರಿಂದ ಪ್ರಬಲ. ಅಮೋನಿಯ ಧಾರಾಳವಾಗಿ ಕರಗಿಯೂ ದುರ್ಬಲ.

“ದುರ್ಬಲ ಆಮ್ಲಗಳಿಂದ ಅಪಾಯವಿಲ್ಲ” ಎಂಬ ಸಾಲನ್ನು ಮಾತ್ರ ತೆಗೆಯಲೇಬೇಕು. ಹೈಡ್ರೋಫ್ಲೋರಿಕ್ ಆಮ್ಲ ದುರ್ಬಲ. ಆದರೆ ಅದು ಗಾಜನ್ನೇ ಕೊರೆಯುತ್ತದೆ, ಚರ್ಮದೊಳಗೆ ಇಳಿದು ದೇಹದ ಕ್ಯಾಲ್ಸಿಯಮನ್ನು ಹಿಡಿದಿಟ್ಟು ಹೃದಯ ನಿಲ್ಲಿಸಬಲ್ಲದು. ಗಾಢ ಅಸಿಟಿಕ್ ಆಮ್ಲವೂ ಚರ್ಮ ಸುಡುತ್ತದೆ. ನಿಮ್ಮ ಸಾಲನ್ನು ನಂಬಿ ಓದುಗರೊಬ್ಬರು ಕೈಗವಸು ಬಿಡಬಾರದು.

ಫಿನಾಫ್ತಲೀನ್ ಹಾಕಿ ಅಸಿಟಿಕ್ ಟೈಟ್ರೇಷನ್ನನ್ನು ಮೂರು ಸಲ ಮಾಡಿ, ಮೂರೂ ಬ್ಯೂರೆಟ್ (ಪ್ರತ್ಯಾಮ್ಲ ಹನಿಸುವ ಅಳತೆಯ ಕೊಳವೆ) ಓದುಗಳನ್ನು ಬರೆದು ಲೇಖನವನ್ನು ಮತ್ತೆ ಕಳಿಸಿ. ಕಾಯುತ್ತೇವೆ.