ಮೇಷ್ಟ್ರೇ, ಈ ಗೋಡೆಗೆ ಬಣ್ಣ ಹೊಡೆಸಲಾ?

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನಮ್ಮದು ಕೋಲಾರ, ಟಮಕದ ಹತ್ತಿರ. ಮೇಲಿನ ಮನೆಯನ್ನು ಓದುವ ಹುಡುಗರಿಗೆ ಬಾಡಿಗೆಗೆ ಕೊಡುತ್ತೇವೆ. ಈಗ ಇರುವವನು ಸೂಡಾನಿನ ಒಮ್ದುರ್ಮಾನ್ ಊರಿನವನು. ಒಳ್ಳೆಯ ಹುಡುಗ, ನನ್ನನ್ನು ಆಂಟಿ ಅನ್ನುತ್ತಾನೆ. ಅಲ್ಲಿ ಯುದ್ಧ ಶುರುವಾದಾಗ ಅವನು ಇಲ್ಲೇ ಇದ್ದ. ಅಮ್ಮ, ತಂಗಿ ಕೈರೋಗೆ ಓಡಿಹೋದರು. ಮನೆಯನ್ನು ಪೂರ್ತಿ ದೋಚಿದರಂತೆ, ಗೋಡೆಯೊಳಗಿನ ಕರೆಂಟ್ ವೈರನ್ನೂ ಬಿಡಲಿಲ್ಲವಂತೆ.

ಮೊನ್ನೆ ನೀರಿನ ಪೈಪು ನೋಡಲು ಮೇಲೆ ಹೋದೆ. ಹಾಲಿನ ಗೋಡೆ ತುಂಬ ಇದ್ದಿಲಿನಲ್ಲಿ ಒಂದು ಮನೆ ಬಿಡಿಸಿದ್ದಾನೆ! ಅಂಗಳ, ಬೇವಿನ ಮರ, ಅದರ ಕೆಳಗೆ ನೀರಿನ ಮಡಕೆಗಳು, ಹಗ್ಗದ ಮಂಚ. ಜನ ಒಬ್ಬರೂ ಇಲ್ಲ. ಅಡ್ವಾನ್ಸಿನಲ್ಲಿ ಪೇಂಟಿನ ದುಡ್ಡು ಮುರಿದುಕೊಳ್ಳೋಣ ಅನ್ನುತ್ತಾರೆ ನಮ್ಮ ಯಜಮಾನರು. ಇನ್ನೊಂದು ವಿಷಯ. ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ಯುದ್ಧದ ಚಿತ್ರ ಬರೆದುಕೊಡಪ್ಪಾ ಅಂತ ಸಂಘದವರು ಅವನನ್ನು ಕೇಳಿದರು. ಅವನು ನನ್ನ ಮಗಳ ಹತ್ತಿರ ಹೇಳಿದ್ದು ಇಷ್ಟು: "ನಾನು ಯುದ್ಧ ನೋಡಿದ್ದು ಫೋನಿನಲ್ಲಿ. ನೀವೂ ಅದನ್ನೇ ನೋಡಿದ್ದೀರಿ. ನನಗೆ ಗೊತ್ತಿರುವುದು ಆ ಮನೆ ಮಾತ್ರ." ಆವತ್ತಿನಿಂದ ಮಾತು ಕಮ್ಮಿ ಮಾಡಿದ್ದಾನೆ. ಏನು ಮಾಡಲಿ?
— ಒಬ್ಬ ಗೃಹಿಣಿ, ಕೋಲಾರ

ಉತ್ತರ: ಅಮ್ಮ, ಮೊದಲು ಯಜಮಾನರ ಚಿಂತೆ ಕಳೆಯೋಣ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟವನು ನಾನು, ಗೋಡೆ ಹಾಳು ಮಾಡಿದ ಹುಡುಗರನ್ನು ತುಂಬ ನೋಡಿದ್ದೇನೆ. ಸ್ಕೆಚ್‌ಪೆನ್ನು ಅಪಾಯ, ಪೇಂಟಿನ ಮೇಲೂ ಎದ್ದು ಬರುತ್ತದೆ. ಇದ್ದಿಲು ಪಾಪದ್ದು. ಒಣ ಬಟ್ಟೆಯಲ್ಲಿ ಒರೆಸಿ, ಒಂದು ಕೋಟು ಪ್ರೈಮರ್ ಕೊಟ್ಟು ಬಣ್ಣ ಹೊಡೆದರೆ ಮುಗಿಯಿತು. ಹುಡುಗ ಮನೆ ಖಾಲಿ ಮಾಡಿದ ಮೇಲೆ ನೋಡಿಕೊಂಡರಾಯಿತು. ಈಗೇನು ಅವಸರ?

ಸಂಘದವರ ವಿಷಯಕ್ಕೆ ಮಾತ್ರ ನನಗೆ ಸ್ವಲ್ಪ ಸಿಟ್ಟು ಬಂತು. ಸೂಡಾನ್ ಅಂದ ಕೂಡಲೇ ನಮಗೆ ಬಂದೂಕು, ಹೊಗೆ ಬೇಕು. 2023ರ ಏಪ್ರಿಲ್ 15ರಂದು ಅಲ್ಲಿನ ರಾಜಧಾನಿ ಖಾರ್ತೂಮಿನಲ್ಲಿ ಶುರುವಾದ ಕಾಳಗ ಅದು. ಒಂದು ಕಡೆ ಸೇನಾ ಮುಖ್ಯಸ್ಥ ಬುರ್ಹಾನ್ ಅವರ ಸೇನೆ, ಇನ್ನೊಂದು ಕಡೆ ಹೆಮೆಡ್ತಿ ಅನ್ನುವವನ ಆರ್‌ಎಸ್‌ಎಫ್ ಅನ್ನುವ ಅರೆಸೇನಾ ಪಡೆ. 2021ರಲ್ಲಿ ಇದೇ ಇಬ್ಬರು ಒಟ್ಟಿಗೆ ನಿಂತು ಸರ್ಕಾರ ಉರುಳಿಸಿದ್ದರು. ಆಮೇಲೆ ತಮ್ಮಲ್ಲೇ ಜಗಳ, ಕೋಟಿಗೂ ಜಾಸ್ತಿ ಜನ ಮನೆ ಬಿಟ್ಟರು. ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನರೂ ಅಲ್ಲಿ ಸಿಕ್ಕಿಕೊಂಡಿದ್ದರಲ್ಲ, ನೆನಪಿದೆಯಾ? ಆಪರೇಷನ್ ಕಾವೇರಿ ಅಂತ ಹೆಸರಿಟ್ಟು, ಹಡಗು, ವಿಮಾನ ಕಳಿಸಿ ಕರೆತಂದರು. ಅವರಿಗೆ ವಾಪಸ್ ಬರಲು ಊರಿತ್ತು. ನಿಮ್ಮ ಹುಡುಗನದು ಉಲ್ಟಾ. ಅವನು ಇದ್ದಲ್ಲೇ ಇದ್ದ, ಊರು ಹೋಯಿತು.

ಹಾಗಾಗಿ ಯುದ್ಧ ಬಿಡಿಸು ಅನ್ನುವುದು ಅವನು ಕಾಣದ್ದನ್ನು ಬಿಡಿಸು ಅಂದ ಹಾಗೆ. ಕಂಡವರಿಗೂ ಅದು ಸುಲಭವಲ್ಲ. ಇಬ್ರಾಹಿಂ ಎಲ್-ಸಲಾಹಿ ಅಂತ ದೊಡ್ಡ ಚಿತ್ರಕಾರ ಇದ್ದಾರೆ. ಹುಟ್ಟಿದ್ದು ಇದೇ ಒಮ್ದುರ್ಮಾನಿನಲ್ಲಿ, 1930ರಲ್ಲಿ. 1975ರಲ್ಲಿ ವಿಚಾರಣೆಯೇ ಇಲ್ಲದೆ ಅವರನ್ನು ಖಾರ್ತೂಮಿನ ಕೋಬರ್ ಜೈಲಿಗೆ ಹಾಕಿದರು. ಅಲ್ಲಿ ಚಿತ್ರ ಬಿಡಿಸುವಂತಿಲ್ಲ. ಅವರು ಕಾಗದದ ಚೂರುಗಳ ಮೇಲೆ ಗೀಚಿ, ಕಾವಲಿನವರಿಗೆ ಕಾಣದಂತೆ ಮರಳಿನಲ್ಲಿ ಹೂತಿಡುತ್ತಿದ್ದರು. ಆ ಕಾಲದ ಸಂಕಟವೆಲ್ಲ ಒಂದು ದೊಡ್ಡ ಚಿತ್ರವಾಗಿ ಬಂದದ್ದು 1984-85ರಲ್ಲಿ. ಅದೂ ಒಂಬತ್ತು ತುಂಡು ಜೋಡಿಸಿದ ಚಿತ್ರ. ಅಂಥವರಿಗೇ ಹತ್ತು ವರ್ಷ ಹಿಡಿಯಿತು. ನಿಮ್ಮ ಸಂಘಕ್ಕೆ ನವೆಂಬರ್ ಒಂದರೊಳಗೆ ಬೇಕಂತೆ!

ಚಿತ್ರದಲ್ಲಿ ಜನ ಯಾಕಿಲ್ಲ ಅಂತ ಅವನನ್ನು ಕೇಳಬೇಡಿ. ಅವರ ಧರ್ಮದಲ್ಲಿ ಹಾಗೆ ಅಂತ ಯಾರಾದರೂ ತಿಳಿದವರ ಹಾಗೆ ಹೇಳಿದರೆ ಅದನ್ನೂ ನಂಬಬೇಡಿ. ಎಲ್-ಸಲಾಹಿ ಅವರ ಚಿತ್ರಗಳ ತುಂಬ ಮುಖಗಳೇ. ನಾನು ಕೆಜಿಎಫ್‌ನಲ್ಲಿ ಕೆಲಸ ಮಾಡುತ್ತಿದ್ದಾಗ, 2001ರಲ್ಲಿ ಗಣಿ ಮುಚ್ಚಿತು. ಊರು ಬಿಡುವವನಿದ್ದ ಒಬ್ಬ ಹುಡುಗ 'ನಮ್ಮ ಮನೆ' ಅಂತ ಬರೆದುಕೊಟ್ಟದ್ದರಲ್ಲಿ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಲೈನ್ ಮನೆಯ ಮುಂದಿನ ನಲ್ಲಿ, ಸಾಲಾಗಿ ಕೊಡಗಳು, ಅಷ್ಟೇ. ಅಪ್ಪ ಅಮ್ಮ ಜೊತೆಗೇ ಹೋಗುತ್ತಿದ್ದರು, ನಲ್ಲಿ ಹೋಗುತ್ತಿರಲಿಲ್ಲ. ಗಣಿ ಮುಚ್ಚುವುದೂ ಯುದ್ಧವೂ ಒಂದೇ ಅಲ್ಲ, ಬಿಡಿ. ಆದರೆ ಕೈ ಯಾವುದನ್ನು ಮೊದಲು ಹಿಡಿದಿಡುತ್ತದೆ ಅನ್ನುವುದು ನನಗೆ ಗೊತ್ತಾದದ್ದು ಆವತ್ತು.

ಇನ್ನೊಂದು ಯೋಚಿಸಿ. ನೈಲ್ ದಂಡೆಯಲ್ಲಿರುವ ಸೂಡಾನಿನ ರಾಷ್ಟ್ರೀಯ ಮ್ಯೂಸಿಯಮ್ಮನ್ನೇ ದೋಚಿದ್ದಾರೆ. 2025ರ ಮಾರ್ಚಿನಲ್ಲಿ ಸೇನೆ ಖಾರ್ತೂಮನ್ನು ವಾಪಸ್ ಹಿಡಿದ ಮೇಲೆ ಒಳಗೆ ಹೋದವರಿಗೆ ಒಡೆದ, ಖಾಲಿಯಾದ ಗಾಜಿನ ಪೆಟ್ಟಿಗೆಗಳು ಕಂಡವು. ಆದರೆ ಮ್ಯೂಸಿಯಮ್ಮಿನಲ್ಲಿ ಏನೇನಿತ್ತು ಅಂತ ಹೇಳುವವರು ಪ್ರಪಂಚದಲ್ಲಿ ನಾಕಾರು ಕಡೆ ಇದ್ದಾರೆ. ಆ ಅಂಗಳದಲ್ಲಿ ಎಷ್ಟು ಮಡಕೆ ಇದ್ದವು ಅಂತ ಬಲ್ಲವರು ಮೂರೇ ಜನ. ಒಬ್ಬ ನಿಮ್ಮ ಮಹಡಿ ಮೇಲಿದ್ದಾನೆ.

ಈಗ ನೀವು ಮಾಡಬೇಕಾದ್ದು. ಸ್ಟೇಷನರಿ ಅಂಗಡಿಯಲ್ಲಿ ದಪ್ಪ ಡ್ರಾಯಿಂಗ್ ಶೀಟು ತರಿಸಿಕೊಡಿ. ಕಾಫಿಗೆ ಕರೆದು, ನಿಮ್ಮ ಮನೆ ಬಾಗಿಲು ಯಾವ ದಿಕ್ಕಿಗಪ್ಪಾ ಅಂತ ಕೇಳಿ. ವಾಸ್ತು ಹುಚ್ಚಿನ ನಮಗೆ ಆ ಪ್ರಶ್ನೆ ಸಲೀಸು. ಸಮಾಧಾನದ ಮಾತು ಹೇಳಲು ಹೋಗಬೇಡಿ. ಮೊದಲು ಕೇಳಿಸಿಕೊಳ್ಳಿ. ಆಮೇಲೆ ಗೋಡೆಯ ಫೋಟೋ ತೆಗೆದು ಅಮ್ಮನಿಗೆ ಕಳಿಸು ಅನ್ನಿ. ಮಡಕೆ ಆ ಕಡೆ ಇರಲಿಲ್ಲ ಕಣೋ, ಮಂಚ ಇನ್ನೂ ಗಿಡ್ಡ ಅಂತ ಆ ತಾಯಿ ತಿದ್ದುತ್ತಾರೆ ನೋಡಿ. ತಿದ್ದಿದ್ದನ್ನೆಲ್ಲ ಶೀಟಿನ ಮೇಲೆ ಇಳಿಸಲಿ. ಯಾರಿಗೂ ತೋರಿಸಲೇಬೇಕೆಂದಿಲ್ಲ.

ರಾಜ್ಯೋತ್ಸವಕ್ಕೆ ಚಿತ್ರ ಬೇಕೇ ಬೇಕು ಅಂದರೆ ಸಂಘದವರು ನನ್ನ ಹತ್ತಿರ ಬರಲಿ. ಭುವನೇಶ್ವರಿಯನ್ನು ನಾನೇ ಬರೆದುಕೊಡುತ್ತೇನೆ, ಬಣ್ಣದ ಖರ್ಚು ಅವರದು.