ಆಪರೇಟಿಂಗ್ ಸಿಸ್ಟಂ ಮೊದಲು ಕಲೀಲಾ, ಸಿ ಮೊದಲು ಕಲೀಲಾ?

ಅಯ್ಯೋ, ನಾನೂ ನಿಮ್ಮ ಹಾಗೇ ಕೇಳ್ತಿದ್ದೆ: ‘ಸಿ ಭಾಷೆ ಪೂರ್ತಿ ಕಲಿತಾಯ್ತು, ಇನ್ನು ಓಎಸ್ (ಆಪರೇಟಿಂಗ್ ಸಿಸ್ಟಂ) ಬೇರೆ ಓದ್ಬೇಕಾ’ ಅಂತ. ಆ ‘ಪೂರ್ತಿ’ಯೇ ನನ್ನನ್ನ ಮುಳುಗಿಸಿದ್ದು.

2009, ಕ್ಯಾಂಪಸ್ ಇಂಟರ್‌ವ್ಯೂ. ಕಾಲೇಜ್ ಲ್ಯಾಬ್‌ನಲ್ಲಿ ಸಿ ಬರೆದು ಓಡಿಸೋ ಟರ್ಬೋ ಸಿ ಸಾಫ್ಟ್‌ವೇರಿನ ನೀಲಿ ಪರದೆ ಬಿಟ್ಟು ಬೇರೇನೂ ನೋಡಿರಲಿಲ್ಲ. ಇಲ್ಲಿ ಕೂರಿಸಿದ್ದು ಲಿನಕ್ಸ್ ಅನ್ನೋ ಬೇರೆ ಓಎಸ್ ಮುಂದೆ. ಲಿಂಕ್ಡ್ ಲಿಸ್ಟ್, ಅಂದ್ರೆ ಒಂದಕ್ಕೊಂದು ಕೊಂಡಿ ಹಾಕಿದ ಪಟ್ಟಿ, ಉಲ್ಟಾ ಮಾಡ್ಬೇಕಿತ್ತು. ಬರೆದೆ, ಕೋಡನ್ನ ಓಡೋ ಪ್ರೋಗ್ರಾಂ ಮಾಡೋ ಅಲ್ಲಿನ ಕಂಪೈಲರ್ ಜಿಸಿಸಿಗೆ ಕೊಟ್ಟೆ. ನಾನು ಕೋಡಿನ ಮೇಲ್ಗಡೆ ಸೇರಿಸಿದ್ದ ಕೋನಿಯೋ ಡಾಟ್ ಎಚ್ ಅನ್ನೋ ಫೈಲೇ ಇಲ್ಲ ಅಂತು. ಸಿಸ್ಟಂ ಕೆಟ್ಟಿದೆ ಅಂದ್ಕೊಂಡು ಪಕ್ಕದ್ದಕ್ಕೆ ಹೋದೆ, ಅಲ್ಲೂ ಅದೇ. 45 ನಿಮಿಷದಲ್ಲಿ ಅರ್ಧಗಂಟೆ ಆ ಫೈಲ್ ಹುಡುಕೋದ್ರಲ್ಲೇ ಹೋಯ್ತು, ಕೆಲಸವೂ ಹೋಯ್ತು. ಲಿಸ್ಟಿನ ಕೋಡ್ ಸರಿಯಾಗೇ ಇತ್ತು ನೋಡಿ!

ತಪ್ಪನ್ನ ಬಿಡಿಸಿ ಹೇಳ್ತೀನಿ. ಪರದೆ ಒರೆಸೋ ಕ್ಲಿಯರ್‌ಸ್ಕ್ರೀನ್, ಕೀ ಒತ್ತೋವರೆಗೆ ಕಾಯೋ ಗೆಟ್‌ಸಿಎಚ್, ಎರಡೂ ಸಿ ಭಾಷೆಯವೇ ಅಂತ ನಂಬಿದ್ದೆ. ಅವು ಡಾಸ್ ಅನ್ನೋ ಹಳೇ ಓಎಸ್‌ನ ಕಂಪೈಲರ್ ಜೊತೆ ಬಂದ ಲೈಬ್ರರಿಯವು, ಕೋನಿಯೋ ಡಾಟ್ ಎಚ್ ಬೇಕಾಗಿದ್ದೇ ಅವಕ್ಕೆ. ಸಿಯ ಸ್ಟ್ಯಾಂಡರ್ಡ್‌ನಲ್ಲಿ ಅವುಗಳ ಹೆಸರೇ ಇಲ್ಲ. ಅಷ್ಟಕ್ಕೂ ಪ್ರತಿ ಪ್ರೋಗ್ರಾಮಿನ ಕೊನೆಗೆ ಗೆಟ್‌ಸಿಎಚ್ ಹಾಕ್ತಿದ್ದುದು ಯಾಕೆ? ಪ್ರೋಗ್ರಾಂ ಮುಗಿದ ತಕ್ಷಣ ಟರ್ಬೋ ಸಿ ಎಡಿಟರ್‌ಗೆ ವಾಪಸ್ ಹಾರ್ತಿತ್ತು, ಔಟ್‌ಪುಟ್ ಕಾಣ್ತಿರಲಿಲ್ಲ. ಲಿನಕ್ಸ್ ಟರ್ಮಿನಲ್‌ನಲ್ಲಿ ಅದು ಅಲ್ಲೇ ಇರುತ್ತೆ. ಆ ಫೈಲಿಂದೊಂದು, ಈ ಎರಡರದ್ದು ಎರಡು, ಮೂರು ಸಾಲು ಅಳಿಸಿದ್ರೆ ಸಾಕಿತ್ತು. ಮೂರೇ ಸಾಲು.

ಅದಕ್ಕೇ ‘ಯಾವುದು ಮೊದಲು’ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಸಿ ಬೆಳೆದಿದ್ದೇ ಯುನಿಕ್ಸ್ ಅನ್ನೋ ಓಎಸ್ ಜೊತೆ. ಯಂತ್ರಕ್ಕೆ ಹತ್ತಿರದ ಅಸೆಂಬ್ಲಿ ಭಾಷೆಯಲ್ಲಿದ್ದ ಯುನಿಕ್ಸನ್ನ 1973ರಲ್ಲಿ ಅದನ್ನ ಕಟ್ಟಿದ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಸಿಯಲ್ಲಿ ಮತ್ತೆ ಬರೆದ್ರು. ಎರಡನ್ನೂ ಬೇರೆ ಬೇರೆ ಸೆಮಿಸ್ಟರ್‌ಗೆ ಹಂಚಿದ್ದು ನಮ್ಮ ಸಿಲಬಸ್ಸು.

ಕೋರ್ಸ್ ಗೀರ್ಸ್ ಬಿಡಿ. ಲಿನಕ್ಸ್‌ನಲ್ಲಿ, ಪರದೆಗೆ ಬರೆಯೋ ಸಿಯ ಪ್ರಿಂಟ್‌ಎಫ್ ಬಳಸಿ ‘ಕನ್ನಡ’ ಅಂತ ಒಂದು ಸಾಲು ಬರೋ ಪ್ರೋಗ್ರಾಂ ಬರೆದು, ಪ್ರೋಗ್ರಾಂ ಓಎಸ್‌ನ ಏನೇನು ಕೇಳುತ್ತೆ ಅಂತ ತೋರಿಸೋ ಎಸ್‌ಟ್ರೇಸ್ ಹಾಕಿ ಓಡಿಸಿ. ಪ್ರಿಂಟ್‌ಎಫ್ ಹೆಸರೇ ಕಾಣಲ್ಲ. ಕೊನೆ ಹತ್ರ ರೈಟ್ ಅನ್ನೋ ಸಿಸ್ಟಂ ಕಾಲ್ (ಓಎಸ್‌ಗೆ ಮಾಡೋ ಕೋರಿಕೆ), ಅದರ ತುದಿಗೆ 16, ಅಂದ್ರೆ ಬರೆದ ಬೈಟುಗಳ ಲೆಕ್ಕ. ನಮ್ಮ ಕಣ್ಣಿಗೆ ಮೂರಕ್ಷರ. ಒತ್ತು ಬಿಡಿಸಿದ್ರೆ ಐದು ಸಂಕೇತ, ಒಂದೊಂದಕ್ಕೂ, ಅಕ್ಷರಗಳನ್ನ ಬೈಟಾಗಿಸೋ ಯುಟಿಎಫ್-8 ಪದ್ಧತಿಯಲ್ಲಿ, 3 ಬೈಟು, ಮೇಲೊಂದು ಹೊಸ ಸಾಲಿಂದು. ಓಎಸ್‌ನ ತಿರುಳಾದ ಕರ್ನಲ್‌ಗೆ ಕನ್ನಡವೂ ಗೊತ್ತಿಲ್ಲ, ನೀವು ಬರೆದದ್ದು ಸಿ ಅನ್ನೋದೂ ಗೊತ್ತಿಲ್ಲ. ಬೇಕಿದ್ರೆ ಪೈಥಾನ್‌ನಲ್ಲೂ ಬರೆದು ನೋಡಿ: ಅದೇ ರೈಟ್, ಅದೇ 16.